ಮೊದಲು ವೇಳಾಪಟ್ಟಿ ತರಿಸಿಕೊಳ್ಳಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಮಗಳು ದ್ವಿತೀಯ ಪಿಯುಸಿ. 5000 ಮೀಟರ್ ಓಟವನ್ನು 18 ನಿಮಿಷ 45 ಸೆಕೆಂಡಿನಲ್ಲಿ ಮುಗಿಸುತ್ತಾಳೆ. ಅವಳಿಗೆ ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡುವ ಆಸೆ, ಮನೆಯವರಿಗೆ ಎಂಜಿನಿಯರಿಂಗ್ ಮೇಲೆ ಮನಸ್ಸು. ಶಿವಮೊಗ್ಗವೋ, ಮೂಡುಬಿದಿರೆಯೋ?"

ಸಂಪಾದಕರ ಉತ್ತರ:

400 ಮೀಟರಿನ ಒಂದೊಂದು ಸುತ್ತಿಗೂ 90 ಸೆಕೆಂಡಿನಂತೆ ಹನ್ನೆರಡೂವರೆ ಸುತ್ತು! ಒಳ್ಳೆಯ ಬುನಾದಿ ಬಿದ್ದಿದೆ. ಊರು ಯಾವುದೆಂದು ಆಮೇಲೆ ನೋಡೋಣ; ಮೊದಲು ಪ್ರತಿ ಕಾಲೇಜಿನ ವೇಳಾಪಟ್ಟಿ ತರಿಸಿಕೊಳ್ಳಿ. ಬಿಎಸ್ಸಿ ಪ್ರಾಕ್ಟಿಕಲ್ ಮಧ್ಯಾಹ್ನವಿದ್ದರೆ ಸಂಜೆಯ ತನಕ ಲ್ಯಾಬಿನಲ್ಲೇ ನಿಂತಿರಬೇಕು, ಕಠಿಣ ಅಭ್ಯಾಸವೆಲ್ಲ ಬೆಳಿಗ್ಗೆಗೆ ಬೀಳುತ್ತದೆ. ಎರಡು ಕಿಲೋಮೀಟರ್ ನಿಧಾನ ಓಟ, 3 ನಿಮಿಷ 40 ಸೆಕೆಂಡಿನ ಆಸುಪಾಸಿನಲ್ಲಿ ಸಾವಿರ ಮೀಟರ್ ಐದು ಸಲ, ನಡುವೆ ಎರಡೆರಡು ನಿಮಿಷ ಜಾಗಿಂಗ್, ಕೊನೆಗೆ ಮತ್ತೆ ನಿಧಾನ ಓಟ: ಐದೂವರೆಗೆ ಶುರುಮಾಡಿದರೆ ಆರೂವರೆಯ ಹತ್ತಿರವಾಗುತ್ತದೆ. ಹಾಸ್ಟೆಲ್ ಗೇಟು ಆರಕ್ಕೆ ತೆರೆಯುವುದಾದರೆ ಈ ಲೆಕ್ಕವೇ ಕೆಟ್ಟಿತು. ವಾರ್ಡನ್ನರನ್ನು ಕೇಳದೆ ಫೀಸು ಕಟ್ಟಬೇಡಿ. ಮನೆಯಿಂದಲೇ ಶಿವಮೊಗ್ಗಕ್ಕೆ ಓಡಾಡುವ ಯೋಚನೆಯೂ ಬೇಡ. ಬಸ್ಸಿನಲ್ಲಿ ಕಳೆಯುವ ಹೊತ್ತೆಲ್ಲ ಅವಳ ನಿದ್ದೆಯಿಂದ ಕಳೆದದ್ದೇ.

ಹಲವರು ಮರೆಯುವ ವಿಷಯ ಇನ್ನೊಂದಿದೆ. ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜು ಸೇರಿದರೆ ಅವಳು ಕುವೆಂಪು ವಿಶ್ವವಿದ್ಯಾಲಯದ ತಂಡಕ್ಕೆ, ಮೂಡುಬಿದಿರೆಯಲ್ಲಿ ಬಿಎಸ್ಸಿಯಾದರೆ ಮಂಗಳೂರು ವಿಶ್ವವಿದ್ಯಾಲಯದ ತಂಡಕ್ಕೆ ಪೈಪೋಟಿ ಮಾಡಬೇಕು. ಎಂಜಿನಿಯರಿಂಗ್ ಆದರೆ ಎರಡೂ ಊರಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ತಂಡಕ್ಕೆ, ಅಂದರೆ ರಾಜ್ಯದ ಎಲ್ಲ ಕಡೆಯ ಓಟಗಾರ್ತಿಯರ ಜೊತೆ. ಮಂಗಳೂರು ತಂಡದಲ್ಲಿ ಜಾಗ ಸಿಗುವುದು ಬಲು ಕಷ್ಟ. ಆದರೆ ಜೊತೆಗೆ ಓಡಲು ತನಗಿಂತ ವೇಗದವರು ಅಲ್ಲಿ ಸಿಗುತ್ತಾರೆ.

ಕೋಚ್ ಬಳಿ ಪದಕದ ಪಟ್ಟಿ ಕೇಳಬೇಡಿ. ಮೂರನೇ ವರ್ಷದ ದೂರದ ಓಟಗಾರ್ತಿಯರನ್ನು ಹುಡುಕಿ, ಸೇರಿದಾಗಿನ ಟೈಮಿಂಗ್ ಎಷ್ಟು, ಈಗೆಷ್ಟು, ಪಾಸಾಗದೆ ಎಷ್ಟು ವಿಷಯ ಬಾಕಿ ಉಳಿದಿವೆ ಎಂದು ಕೇಳಿ. ಸ್ಪ್ರಿಂಟರ್‌ಗಳ ಜೊತೆ ದಿನವೂ 400 ಮೀಟರ್ ಓಡಿಸುವ ಕಡೆ ಮೊಣಕಾಲ ಕೆಳಗಿನ ಮೂಳೆ ನೋವು ಬೇಗ ಶುರುವಾಗುತ್ತದೆ, ಲೆಕ್ಕಿಸದಿದ್ದರೆ ಮೂಳೆಯೇ ಬಿರುಕು ಬಿಡಬಹುದು. ವಾರದಲ್ಲಿ ಎರಡು ದಿನ ವೇಗದ ಅಭ್ಯಾಸ ಸಾಕು, ಉಳಿದದ್ದು ಮಣ್ಣಿನ ದಾರಿಯಲ್ಲಿ, ಮಾತಾಡುತ್ತಾ ಓಡುವಷ್ಟು ನಿಧಾನಕ್ಕೆ. ಟೂರ್ನಮೆಂಟಿನ ದಿನಗಳ ಹಾಜರಾತಿ, ತಪ್ಪಿದ ಇಂಟರ್ನಲ್ ಟೆಸ್ಟನ್ನು ಮತ್ತೆ ಕೊಡುವ ಅವಕಾಶ, ಇವೆರಡನ್ನೂ ಪ್ರಾಂಶುಪಾಲರಿಂದ ಬರವಣಿಗೆಯಲ್ಲಿ ಪಡೆಯಿರಿ.

ನನ್ನ ಮತ ಕೇಳಿದರೆ, ಅವಳ ಆಸೆಯಂತೆ ಬಿಎಸ್ಸಿ; ಗೇಟು, ಕೋಚ್ ಎರಡೂ ಹೊಂದಿದರೆ ಶಿವಮೊಗ್ಗ. ಸೇರುವ ಮೊದಲು ಹಿಮೋಗ್ಲೋಬಿನ್ ಜೊತೆ, ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ನೂ ಪರೀಕ್ಷೆ ಮಾಡಿಸಿ. ಮೊದಲನೆಯದು ಸರಿಯಿದ್ದೂ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ಊಟದ ಜೊತೆಗೇ ಕಾಫಿ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ, ಒಂದು ಗಂಟೆ ಬಿಟ್ಟು ಕುಡಿಯಲಿ. ಮುಟ್ಟು ಮೂರು ತಿಂಗಳು ನಿಂತರೆ ತರಬೇತಿಯ ಆಯಾಸವೆಂದು ಸುಮ್ಮನಿರದೆ ಡಾಕ್ಟರರಿಗೆ ತೋರಿಸಿ.