ಬೇಸ್ ಮುಚ್ಚಿದರೆ ಪೈಲಟ್ ಗತಿ ಏನು?

ಬೆಂಗಳೂರಲ್ಲಿ ಫಸ್ಟ್ ಆಫೀಸರ್ (ಸಹ ಪೈಲಟ್) ಆಗಿರುವ ನಿಮಗೆ ಜರ್ಮನಿಯ ಬೇಸ್‌ಗೆ, ಅಂದರೆ ಡ್ಯೂಟಿ ಶುರುಮಾಡಿ ಮುಗಿಸುವ ಊರಿಗೆ, ಆಫರ್ ಬಂದಿದೆ, ನಾಳೆ ಆ ಬೇಸನ್ನೇ ಮುಚ್ಚಿದರೆ ಏನು ಗತಿ ಅಂತ ಕೇಳಿದ್ದೀರಿ. 2012ರಲ್ಲಿ ಕಿಂಗ್‌ಫಿಷರ್ ಏರ್‌ಲೈನ್ಸ್ ನಿಂತುಹೋದದ್ದನ್ನು ಕಂಡ ಊರಿನವರು ಸಂಬಳಕ್ಕಿಂತ ಮೊದಲು ಕೇಳಬೇಕಾದ್ದೇ ಇದು.

ಕಾಂಟ್ರಾಕ್ಟ್‌ನಲ್ಲಿ ಹೋಮ್ ಬೇಸ್ ಯಾವ ಊರು ಅಂತ ನೋಡಿ. ಕಂಪನಿ ಐರ್ಲೆಂಡ್‌ನದೋ ಮಾಲ್ಟಾದ್ದೋ ಇರಲಿ, ಯಾವ ದೇಶದ ಕೋರ್ಟಿಗೆ ಹೋಗಬಹುದು ಅನ್ನುವಾಗ ಹೋಮ್ ಬೇಸ್‌ಗೆ ತೂಕ ಹೆಚ್ಚು. ಬೆಲ್ಜಿಯಂನ ಕ್ಯಾಬಿನ್ ಸಿಬ್ಬಂದಿಯ ಕೇಸಿನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ 2017ರಲ್ಲಿ ಹೀಗೆಂದಿದೆ. ಏಜೆನ್ಸಿ ಮೂಲಕ 'ಸ್ವಯಂ ಉದ್ಯೋಗಿ' ಕಾಂಟ್ರಾಕ್ಟ್ ಕೊಟ್ಟರೆ ಮುಂದೆ ಹೇಳುವುದ್ಯಾವುದೂ ಸುಲಭಕ್ಕೆ ದಕ್ಕಲ್ಲ. ಅಂಥದ್ದು ಬೇಡವೇ ಬೇಡ.

ಜರ್ಮನಿಯಲ್ಲಿ ಕೆಲಸದಿಂದ ತೆಗೆಯುವ ನೋಟಿಸ್ ಕಾಗದದಲ್ಲೇ, ಪೆನ್ನಿನ ಸಹಿಯೊಂದಿಗೇ ಬರಬೇಕು. ಇಮೇಲ್, ವಾಟ್ಸಾಪ್ ನೋಟಿಸ್ ಊರ್ಜಿತವಲ್ಲ. ಪತ್ರ ನಿಮ್ಮ ಅಂಚೆಪೆಟ್ಟಿಗೆಗೆ ಬಿದ್ದ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯದಲ್ಲಿ ದಾವೆ ಹಾಕದಿದ್ದರೆ ಎಂಥ ತಪ್ಪು ನೋಟಿಸೂ ಸಿಂಧುವಾಗಿಬಿಡುತ್ತದೆ. ನೀವು ದೀಪಾವಳಿಗೆ ಬಸವನಗುಡಿಯಲ್ಲಿ ಹೋಳಿಗೆ ತಿನ್ನುತ್ತಿದ್ದರೂ ದಿನ ಎಣಿಕೆ ಶುರು. ತಡವಾದದ್ದನ್ನು ಕೋರ್ಟ್ ಮನ್ನಿಸುವುದುಂಟು, ಅಡ್ಡಿ ನೀಗಿದ ಮೇಲೆ ಆ ಅರ್ಜಿಗೂ ಎರಡೇ ವಾರ. ಊರಿಗೆ ಹೊರಡುವಾಗ ಪೆಟ್ಟಿಗೆ ಕೀಲಿ ಪಕ್ಕದ ಮನೆಗೆ ಕೊಟ್ಟು, ಪತ್ರ ಬಂದ ದಿನವೇ ಲಕೋಟೆ ಮೇಲೆ ತಾರೀಖು ಬರೆದು ಫೋಟೋ ಕಳಿಸಲು ಹೇಳಿ.

ದಾವೆ ಹಾಕಿ ಏನು ಬಂತು ಅನ್ನಬೇಡಿ. 2017ರಲ್ಲಿ ದಿವಾಳಿಯಾದ ಜರ್ಮನಿಯ ಏರ್‌ಲೈನ್ ಏರ್ ಬರ್ಲಿನ್, ಸಾಮೂಹಿಕ ವಜಾದ ಮಾಹಿತಿಯನ್ನು ಬರ್ಲಿನ್ ಉದ್ಯೋಗ ಕಚೇರಿಗೆ ಕೊಟ್ಟಿತ್ತು. ಡುಸೆಲ್ಡಾರ್ಫ್ ಬೇಸಿನ ಪೈಲಟ್ ವಿಷಯ ಡುಸೆಲ್ಡಾರ್ಫ್‌ನಲ್ಲೇ ಕೊಡಬೇಕಿತ್ತೆಂದು ಸುಪ್ರೀಂ ಕಾರ್ಮಿಕ ನ್ಯಾಯಾಲಯ 2020ರಲ್ಲಿ ಆ ವಜಾವನ್ನು ರದ್ದು ಮಾಡಿತು. ಅಷ್ಟರಲ್ಲಿ ಹಾರಿಸಲು ವಿಮಾನಗಳೇ ಇರಲಿಲ್ಲ, ನಿಜ. ಆದರೆ ನಡೆಯುತ್ತಿರುವ ಕಂಪನಿ ಇಂಥ ತಪ್ಪು ಮಾಡಿದರೆ ಪರಿಹಾರದ ಚೌಕಾಸಿಯಲ್ಲಿ ಜುಟ್ಟು ನಿಮ್ಮ ಕೈಲಿ. ಜರ್ಮನಿಯಲ್ಲಿ ಪರಿಹಾರ ತಾನಾಗಿ ಬರುವ ಹಕ್ಕಲ್ಲ. ಸೇವೆಯ ಪ್ರತಿ ವರ್ಷಕ್ಕೆ ಅರ್ಧ ತಿಂಗಳ ಸಂಬಳ ಅನ್ನುವುದು ರೂಢಿಯ ಲೆಕ್ಕ, ಅಷ್ಟೆ.

'ಕೆಲಸ ಬೇಕಾದರೆ ಬೇರೆ ಬೇಸ್‌ಗೆ ಹೋಗಿ' ಅಂತ ನೋಟಿಸ್ ಜೊತೆ ಆಫರ್ ಬಂದರೆ 'ತಕರಾರಿನ ಹಕ್ಕು ಕಾಯ್ದಿರಿಸಿ ಒಪ್ಪಿದ್ದೇನೆ' ಎಂದು ಬರೆದುಕೊಟ್ಟು, ದಾವೆಯನ್ನೂ ಹಾಕಿ. ಕೆಲಸವೂ ಉಳಿಯುತ್ತದೆ, ತಕರಾರೂ ಉಳಿಯುತ್ತದೆ. ಎಚ್‌ಆರ್ ನಗುನಗುತ್ತಾ ಚಾಚುವ, ಕೆಲಸ ಬಿಡುವ ರಾಜಿ ಒಪ್ಪಂದಕ್ಕೆ ಮಾತ್ರ ವಕೀಲರಿಗೆ ತೋರಿಸದೆ ಸಹಿ ಬೇಡ; 12 ವಾರದ ನಿರುದ್ಯೋಗ ಭತ್ಯೆ ಕೈತಪ್ಪಬಹುದು.

ಕೆಲಸ ಮುಗಿಯಲು ಮೂರು ತಿಂಗಳಿಗಿಂತ ಕಡಿಮೆ ಇದ್ದರೆ, ವಿಷಯ ತಿಳಿದ ಮೂರು ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿ. ಬ್ಲೂ ಕಾರ್ಡ್ (ಯುರೋಪಿನಲ್ಲಿ ನುರಿತ ವಿದೇಶೀಯರಿಗೆ ಕೊಡುವ ಕೆಲಸ, ವಾಸದ ಪರವಾನಗಿ) ಇದ್ದವರು ಎರಡು ವಾರದೊಳಗೆ ವಿದೇಶೀಯರ ಕಚೇರಿಗೂ ತಿಳಿಸಬೇಕು. ಕಂಪನಿ ಲಾಗಿನ್ ಮುಚ್ಚುವ ಮುನ್ನವೇ ರೋಸ್ಟರ್, ಪೇಸ್ಲಿಪ್, ಸಿಮ್ಯುಲೇಟರ್ ಚೆಕ್ ಫಾರ್ಮ್ ಎಲ್ಲ ಇಳಿಸಿಟ್ಟುಕೊಳ್ಳಿ. ಮುಂದಿನ ಏರ್‌ಲೈನ್ ಕೇಳುವುದು ಅವನ್ನೇ.