ಗೃಹಪ್ರವೇಶಕ್ಕೆ ಬ್ರಶ್ ಪೆನ್ನಲ್ಲಿ (ಒತ್ತಿದ್ರೆ ದಪ್ಪ, ಹಗುರ ಹಿಡಿದ್ರೆ ಸಣ್ಣ ಗೆರೆ ಬರೋ ಪೆನ್) 'ಸುಸ್ವಾಗತ' ಬೋರ್ಡ್: ಹ್ಯಾಂಡ್‌ಮೇಡ್ ಶೀಟಲ್ಲಿ ಇಂಕ್ ಹರಡ್ತಿದೆ, ಒತ್ತಕ್ಷರಕ್ಕೆ ಜಾಗ ಸಾಲ್ತಿಲ್ಲ ಅಂದಿದ್ದಕ್ಕೆ ಪ್ರತಿಕ್ರಿಯೆ

ಇಂಕ್ ಹರಡ್ತಿರೋದು ಬಹುಶಃ ಪೇಪರಿಂದ, ನಿಮ್ ಕೈಯಿಂದ ಅಲ್ಲ. ಹ್ಯಾಂಡ್‌ಮೇಡ್ ಶೀಟ್ ಅಂದ್ರಲ್ಲ, ಅದರ ನಾರು ಇಂಕ್ ಎಳ್ಕೊಳ್ಳುತ್ತೆ, ಜೊತೆಗೆ ಪೆನ್ನಿನ ತುದೀನೂ ಹಾಳಾಗುತ್ತೆ. ತುಮಕೂರಲ್ಲೇ ಇದೀರಲ್ಲ, ಎಂ.ಜಿ. ರೋಡ್ ಕಡೆ ಸ್ಟೇಷನರಿ ಅಂಗಡೀಲಿ ಐವರಿ ಶೀಟ್ (ನುಣುಪಾದ ದಪ್ಪ ಕಾಗದ) ಕೇಳಿ, ಬೆರಳಲ್ಲಿ ಸವರಿದ್ರೆ ನುಣ್ಣಗಿರ್ಬೇಕು, ಒಂದು ಮೂಲೇಲಿ ಗೆರೆ ಎಳೆದು ನೋಡಿ ಆಮೇಲೆ ಶುರು ಮಾಡಿ.

ಮೊದ್ಲು ಪೆನ್ಸಿಲ್ಲಲ್ಲಿ ಗೆರೆ ಹಾಕಿ. ಇಂಗ್ಲಿಷ್ ವಿಡಿಯೋ ನೋಡಿ ಕಲಿಯೋರೆಲ್ಲ ಎಡವೋದು ಇಲ್ಲೇ, ಅವರ ಗೆರೆಗಳು ಇಂಗ್ಲಿಷ್ ಅಕ್ಷರಕ್ಕೆ ಅಂತ ಹಾಕಿರೋದು, ನಮ್ ಒತ್ತಕ್ಷರಕ್ಕೆ ಅಂತ ಅಲ್ಲ. ಅಕ್ಷರ 4 ಸೆಂ.ಮೀ. ಎತ್ತರ ಇದ್ರೆ ಕೆಳಗೆ 2 ಸೆಂ.ಮೀ. ಆದ್ರೂ ಬಿಡಿ, 'ಸ್ವಾ'ದಲ್ಲಿರೋ ವ ಒತ್ತು ಆರಾಮಾಗಿ ಕೂರುತ್ತೆ, ಹೆಸರು ತಾರೀಕು ಬರೆಯೋದಿದ್ರೆ ಅದಕ್ಕಿಂತ ಕೆಳಗೆ.

ಆಮೇಲೆ ಗೆರೆ ದಪ್ಪ ಸಣ್ಣ ಮಾಡೋದು. ಪೆನ್ ಕೆಳಕ್ಕೆ ಬರೋವಾಗ ಒತ್ತಿ, ಮೇಲಕ್ಕೆ ಹೋಗೋವಾಗ ಹಗುರ. 'ಗ' ತಗೊಳ್ಳಿ, ಎಡಗಾಲು ಕೆಳಗಿಂದ ಮೇಲಕ್ಕೆ ತೆಳ್ಳಗೆ, ತಿರುವಲ್ಲಿ ನಿಧಾನಕ್ಕೆ ಒತ್ತಡ ಹೆಚ್ಚಿಸ್ತಾ ಬಲಗಾಲು ದಪ್ಪಗೆ ಇಳಿಸಿ, ಪೆನ್ ಎತ್ತಿ, ತಲೆಕಟ್ಟು ಕೊನೇಲಿ ಬೇರೆಯಾಗಿ ಹಾಕಿ. ಒಂದೇ ಎಳೆತದಲ್ಲಿ ಮುಗಿಸ್ಬೇಕು ಅಂತ ಏನಿಲ್ಲ, ಪ್ರತಿ ಎಳೆತಕ್ಕೂ ಪೆನ್ ಎತ್ತಿದ್ರೆ ಅಕ್ಷರ ಚೆನ್ನಾಗೇ ಬರುತ್ತೆ.

ಗೃಹಪ್ರವೇಶ ಈ ಭಾನುವಾರಾನೇ ಅಂದ್ರೆ ಹೀಗೆ ಪೆನ್ ಒತ್ತಿ ಹಗುರ ಮಾಡೋ ಅಭ್ಯಾಸಕ್ಕೆ ಟೈಮ್ ಸಾಲ್ದೇ ಇರ್ಬೋದು, ಆಗ ಮಾಮೂಲಿ ಸ್ಕೆಚ್ ಪೆನ್ನಲ್ಲಿ ಬರೆದು, ಕೆಳಕ್ಕೆ ಇಳಿಯೋ ಗೆರೆಗಳ ಪಕ್ಕ ಮಾತ್ರ ಇನ್ನೊಂದು ಗೆರೆ ಎಳೆದು ಮಧ್ಯ ತುಂಬ್ಸಿ, ದೂರದಿಂದ ವ್ಯತ್ಯಾಸ ಗೊತ್ತಾಗಲ್ಲ. ಇಂಕ್ ಪೂರ್ತಿ ಒಣಗೋವರೆಗೂ ಪೆನ್ಸಿಲ್ ಗೆರೆ ಅಳಿಸೋಕೆ ರಬ್ಬರ್ ಮುಟ್ಟಿಸ್ಬೇಡಿ.