ಪ್ಯಾಕೆಟ್ ಊಟ ಸಾಕಾ, ಇಲ್ಲ ಹೆಂಡತಿ ಐದಕ್ಕೇ ಏಳಬೇಕಾ?

ಇಬ್ಬರೂ ಕೆಲಸಕ್ಕೆ ಹೋಗ್ತೀವಿ, ಬಿಸಿ ಮಾಡಿ ತಿನ್ನುವ ಪ್ಯಾಕೆಟ್ ಊಟ ಸಾಕಾ, ಇಲ್ಲ ಹೆಂಡತಿ ಬೆಳಿಗ್ಗೆ ಐದಕ್ಕೇ ಎದ್ದು ಅಡುಗೆ ಮಾಡಬೇಕಾ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಡೆದದ್ದೂ ಇದೇ ಮಾತು.

ನನಗೆ ಪೀಣ್ಯದಲ್ಲಿ ಕೆಲಸ. ಹೆಂಡತಿ ನರ್ಸ್, ಶಿಫ್ಟ್ ಡ್ಯೂಟಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ತಿಪಟೂರಿನಿಂದ ನಮ್ಮ ಜೊತೆ ಬಂದಿದ್ದರು. ಅವರಿಗೆ ಮಂಡಿನೋವು, ಒಲೆ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಬಿಪಿಗೆ ಮಾತ್ರೆಯೂ ನಡೆಯುತ್ತಿತ್ತು. ಅವರ ಮಧ್ಯಾಹ್ನದ ಊಟಕ್ಕೆ ಅಂತ ತಿಂಗಳ ಸಾಮಾನಿನ ಜೊತೆ ಪ್ಯಾಕೆಟ್ ತರಲು ಶುರು ಮಾಡಿದೆ. ಕುದಿಯುವ ನೀರಲ್ಲಿ ಐದು ನಿಮಿಷ ಇಟ್ಟು, ಕತ್ತರಿಸಿ ತಟ್ಟೆಗೆ ಸುರಿದುಕೊಂಡರೆ ಬಿಸಿಬೇಳೆ ಬಾತ್ ರೆಡಿ.

ನನ್ನ ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ನೀವೂ ಅದನ್ನೇ ಮಾಡಬಾರದು. ಪ್ಯಾಕೆಟ್ಟಿನ ಮುಂದೆ ‘ಪ್ರಿಸರ್ವೇಟಿವ್ ಇಲ್ಲ’ ಅಂತ ದಪ್ಪ ಅಕ್ಷರದಲ್ಲಿತ್ತು. ಅದು ಸುಳ್ಳಲ್ಲ. ಈ ಪ್ಯಾಕೆಟ್‌ಗಳನ್ನು ಸೀಲ್ ಮಾಡಿದ ಮೇಲೆ ದೊಡ್ಡ ಕುಕ್ಕರಿನಂಥದ್ದರಲ್ಲಿ ಸುಮಾರು 120 ಡಿಗ್ರಿ ಬಿಸಿಗೆ ಬೇಯಿಸುತ್ತಾರೆ. ಹಾಗಾಗಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಅಷ್ಟು ಓದಿ ನಿಶ್ಚಿಂತೆಯಾದೆ. ಒಂದು ಸಲ ಹಿಂದೆ ತಿರುಗಿಸಿಯೂ ನೋಡಿದ್ದೆ. ಸೋಡಿಯಂ 450 ಮಿಲಿಗ್ರಾಂ ಅಂತ ಇತ್ತು. ದಿನಕ್ಕೆ 2000ದ ಒಳಗಿರಬೇಕು ಅಂತ ಹೆಂಡತಿ ಹೇಳಿದ್ದಳು. ಪರವಾಗಿಲ್ಲ ಅಂದುಕೊಂಡೆ.

ಆದರೆ ಆ 450 ಇದ್ದದ್ದು 100 ಗ್ರಾಂಗೆ. ಪ್ಯಾಕೆಟ್ 300 ಗ್ರಾಂ. ಅಮ್ಮ ಪೂರ್ತಿ ತಿನ್ನುತ್ತಿದ್ದರು. ಅಂದರೆ 1350. ಇನ್ನೊಂದು ಮಾತು, ಸೋಡಿಯಂ ಅಂದರೆ ಉಪ್ಪಿನ ತೂಕವಲ್ಲ, ಉಪ್ಪಿನಲ್ಲಿರುವ ಒಂದು ಭಾಗ. ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಒಂದೇ ಊಟದಲ್ಲಿ ಹತ್ತಿರ ಹತ್ತಿರ 3.4 ಗ್ರಾಂ ಉಪ್ಪು! ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವುದು 5 ಗ್ರಾಂಗಿಂತ ಕಡಿಮೆ. ಬೆಳಿಗ್ಗೆಯ ಉಪ್ಪಿಟ್ಟಿನ ಮಿಕ್ಸ್, ರಾತ್ರಿಯ ಹಪ್ಪಳ ಬೇರೆ.

ಎಂಟು ತಿಂಗಳಿಗೆ ಅಮ್ಮನ ಪಾದ ಊದಿಕೊಂಡಿತು. ಬಿಪಿ 170 ದಾಟಿತ್ತು. ಉಪ್ಪೊಂದೇ ಕಾರಣ ಅಂತ ಡಾಕ್ಟರ್ ಹೇಳಲಿಲ್ಲ. ಮೊದಲು ಅದನ್ನು ಕಡಿಮೆ ಮಾಡಿ ಅಂದರು. ‘ನಾನು ಉಪ್ಪಿನಕಾಯಿ ಮುಟ್ಟೋದೇ ಇಲ್ಲ ಡಾಕ್ಟ್ರೇ’ ಅಂದರು ಅಮ್ಮ. ನಿಜ, ಮುಟ್ಟುತ್ತಿರಲಿಲ್ಲ. ಆಟೋದಲ್ಲಿ ವಾಪಸ್ ಬರುವಾಗ ಮೆಲ್ಲಗೆ ಹೇಳಿದರು: ‘ಉಪ್ಪು ಮುಂದು ಅನ್ನಿಸ್ತಿತ್ತು ಕಣಪ್ಪಾ. ನೀವು ದಣಿದು ಬರ್ತೀರಿ ಅಂತ ಹೇಳ್ಲಿಲ್ಲ.’ ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೆಂಡತಿಯೇ ಯಾಕೆ ಏಳಬೇಕು? ನೀವು ಏಳಿ. ಐದಕ್ಕೂ ಬೇಡ, ಆರಕ್ಕೆ ಎದ್ದರೆ ಸಾಕು. ಬೆಳಗಿನ ಅಡುಗೆ ಈಗ ನನ್ನದು. ಕುಕ್ಕರಿನಲ್ಲಿ ಕೆಳಗೆ ಬೇಳೆ ಸೊಪ್ಪು, ಮೇಲಿನ ಡಬ್ಬಿಯಲ್ಲಿ ಅಕ್ಕಿ. ಕೂಗಿ ಆರುವ ಹೊತ್ತಿಗೆ ನನ್ನ ಸ್ನಾನ ಆಗಿರುತ್ತದೆ. ಸಾರಿನ ಪುಡಿ ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಭಾನುವಾರ ರುಬ್ಬಿದ ದೋಸೆ ಹಿಟ್ಟು ಫ್ರಿಜ್ಜಿನಲ್ಲಿ ಬುಧವಾರದವರೆಗೆ ಬರುತ್ತದೆ.

ಎಲ್ಲವನ್ನೂ ಮನೆಯಲ್ಲೇ ಮಾಡಿ ಅಂತ ನಾನು ಹೇಳುವುದಿಲ್ಲ. ನಮ್ಮಜ್ಜಿ ಬೇಸಿಗೆಯಲ್ಲಿ ಸಂಡಿಗೆ, ಶ್ಯಾವಿಗೆ ಒಣಗಿಸಿ, ಹುರಿಹಿಟ್ಟು, ಪುಳಿಯೋಗರೆ ಗೊಜ್ಜು ಮಾಡಿಟ್ಟುಕೊಳ್ಳುತ್ತಿದ್ದದ್ದೂ ಅವಸರದ ದಿನಕ್ಕೇ ಅಲ್ವಾ? ಶ್ಯಾವಿಗೆ, ತುರಿದ ಕಾಯಿ, ಬಿಡಿಸಿದ ಅವರೆಕಾಳು ಧಾರಾಳವಾಗಿ ಕೊಳ್ಳಿ. ಉಪ್ಪು ನೀವೇ ಹಾಕಬೇಕಾದದ್ದು ಮನೆಗೆ ಬರಲಿ. ಉಪ್ಪು ಹಾಕಿಕೊಂಡೇ ಬಂದದ್ದು ದಿನಾ ಬೇಡ. ನಮ್ಮ ಶೆಲ್ಫಿನಲ್ಲಿ ಈಗಲೂ ಎರಡು ಪ್ಯಾಕೆಟ್ ಇವೆ. ತೀರಾ ಕೈಲಾಗದ ರಾತ್ರಿ ಒಂದನ್ನು ಬಿಳಿ ಅನ್ನ, ಮೊಸರಿನ ಜೊತೆ ನಾನೂ ಹೆಂಡತಿಯೂ ಹಂಚಿಕೊಳ್ಳುತ್ತೇವೆ. ಅಮ್ಮನಿಗೆ ಅದು ಇಲ್ಲ.

ರಾತ್ರಿ ಟಿವಿ ಮುಂದೆ ಸೊಪ್ಪು ಬಿಡಿಸುವ ಕೆಲಸವನ್ನು ಅಮ್ಮನೇ ಕೇಳಿ ತೆಗೆದುಕೊಂಡಿದ್ದಾರೆ. ಬೆಳಿಗ್ಗೆ ಸಾರು ಇಳಿಸುವ ಮೊದಲು ಒಂದು ಚಮಚ ಅವರ ಕೈಗೆ ಹಾಕುತ್ತೇನೆ. ಉಪ್ಪು ಮುಂದಾಗಿದ್ದರೆ ಈಗ ಬಾಯಿಬಿಟ್ಟು ಹೇಳುತ್ತಾರೆ.